ಎರಡು ಹೆಡ್ಡು, ಒಂದು ಸೈಕಲ್ ರಿಮ್ಮು

ಅಕ್ಟೋಬರ್ ೪, ಮಂಗಳವಾರ

ಇವತ್ತು ಮನೆಗೆ ಇಬ್ಬರು ಸೊಸೆಯರು ಬಂದರು. ಒಬ್ಬಳು ಬಿಳಿ, ಇನ್ನೊಬ್ಬಳು ನೇರಳೆ. ಇಬ್ಬರದೂ ಮೂವತ್ತೈದು ಅಡಿ ಅಗಲದ ಮೈ. ಬಲಗಾಲಿಟ್ಟು ಬನ್ನಿ ಎನ್ನಲು ಕಾಲೇ ಇಲ್ಲ. ಲಾರಿಯಿಂದ ಇಳಿಯುವಾಗಲೇ ಗೇಟಿನ ಕಂಬವೊಂದನ್ನು ಬೀಳಿಸಿದರು.

ಕಂಬೈನಿನ, ಅಂದರೆ ಕಟಾವು ಯಂತ್ರದ, ಮುಂದೆ ಕಟ್ಟುವ ಹೆಡ್ಡುಗಳು ಇವು. ನಮ್ಮ ಹಳೆಯದು ಹತ್ತೊಂಬತ್ತು ವರ್ಷ ದುಡಿದು, ಹೋದ ವರ್ಷ ಸೋಯಾ ಕೊಯ್ಯುವುದನ್ನು ಬಿಟ್ಟು ಅಗಿದು ಉಗಿಯಲು ಶುರು ಮಾಡಿತ್ತು. ಅದರಲ್ಲಿ ಕೊಯ್ದ ಗಿಡವನ್ನು ದೊಡ್ಡ ತಿರುಪು ಎಳೆದು ತರುತ್ತಿತ್ತು. ಇವು ಡ್ರೇಪರ್ ಹೆಡ್ಡುಗಳು: ಮುಂದೆ ತಿರುಗುವ ರೀಲು ಒಳಕ್ಕೆ ಬಾಗಿಸಿದ ಗಿಡವನ್ನು ರಬ್ಬರ್ ಪಟ್ಟಿಯ ಮೇಲೆ ಮಲಗಿಸಿಕೊಂಡು, ನೋಯಿಸದೆ ನಡುವಿನ ಬಾಯಿಗೆ ಒಯ್ಯುತ್ತವೆ. ಜೊತೆಗೆ ಬಂದ ಮೆಕ್ಯಾನಿಕ್ ಹೆಂಗಸು ಹೇಳಿದ್ದನ್ನು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಅವಳಿಗೆ ಅತ್ತೆ ಆಗಲೇ ಸ್ಪ್ಯಾನರಮ್ಮ ಎಂದು ಹೆಸರಿಟ್ಟಾಗಿದೆ. ನೇರಳೆಯದರ ಮೈ ಗಟ್ಟಿ, ಕೆಳಗಿನ ಹಲ್ಲುಸಾಲು ಮಾತ್ರ ನೆಲ ಕಂಡ ಹಾಗೆ ಬಳುಕುತ್ತದೆ. ಬಿಳಿಯದರ ಮೈಯೇ ಮೂರು ತುಂಡು, ನಡುವೆ ಕೀಲು. ಹಕ್ಕಿ ರೆಕ್ಕೆ ಎತ್ತಿ ಇಳಿಸಿದ ಹಾಗೆ ಎರಡು ಪಕ್ಕಗಳೂ ನೆಲವನ್ನು ತಾವೇ ತಡವಿಕೊಂಡು ಹೋಗುತ್ತವೆ. ಇಪ್ಪತ್ತನೇ ತಾರೀಖಿನ ಒಳಗೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ ಕಳಿಸಬೇಕು.

ಇವರಿಗೆ, ಅಂದರೆ ನನ್ನ ಗಂಡನಿಗೆ, ಬಿಳಿ ಬೇಕು. ಮೈದುನನಿಗೆ ನೇರಳೆ ಬೇಕು. ಬಣ್ಣದ ಹೆಸರಿನಲ್ಲಿ ನಡೆಯುತ್ತಿರುವುದು ಬೇರೆಯೇ ಜಗಳ ಎಂದು ಹಟ್ಟಿಯ ಕರುವಿಗೂ ಗೊತ್ತು. ಇಪ್ಪತ್ತಾರು ವರ್ಷದಿಂದ ಕಂಬೈನಿನ ಸೀಟಿನಲ್ಲಿ ಕೂತವರು ಇವರು. ಮೈದುನ ಧಾನ್ಯದ ಲಾರಿ ಓಡಿಸಿ ಓಡಿಸಿ ಸಾಕಾಗಿದ್ದಾನೆ. "ಅಣ್ಣ ಇನ್ನು ಇಳೀಲಿ, ಮುದಿ ಎತ್ತಿಗೆ ಎಷ್ಟು ದಿನ ನೊಗ?" ಎಂದು ಮೊನ್ನೆ ಊಟದ ಹೊತ್ತಿನಲ್ಲೇ ಅಂದ.

ಅತ್ತೆ ತಟ್ಟೆಯಿಂದ ತಲೆ ಎತ್ತದೆ ತೀರ್ಪು ಕೊಟ್ಟರು: "ಅವರವರ ಹೆಡ್ಡು ಅವರವರು ಓಡಿಸಿ. ಯಾರದ್ದು ನೆಲಕ್ಕೆ ಕಮ್ಮಿ ಕಾಳು ಚೆಲ್ಲುತ್ತೋ ಆ ಹೆಡ್ಡು ಉಳಿಯುತ್ತೆ, ಅವನೇ ಸೀಟಲ್ಲಿ ಕೂರ್ತಾನೆ. ಎಣಿಸೋದು ಇವಳು."

ಇವಳು ಅಂದರೆ ನಾನು, ಇಪ್ಪತ್ತು ವರ್ಷದಿಂದ ಪ್ರತಿ ಕಟಾವಿನಲ್ಲೂ ನೆಲಕ್ಕೆ ಬಿದ್ದ ಕಾಳು ಎಣಿಸುವವಳು. "ಅತ್ತಿಗೆ ಎಣಿಸಿದರೆ ನಂಗೆ ಒಪ್ಪಿಗೆ. ಅತ್ತಿಗೆ ಸುಳ್ಳು ಹೇಳಲ್ಲ," ಎಂದ ಮೈದುನ. ಆಗ ನನಗಾದ ಹೆಮ್ಮೆಯನ್ನು ದೇವರು ನೋಡಿದ್ದರೆ ಅಲ್ಲೇ ಎಡವಿಸಿ ಬೀಳಿಸಬೇಕಿತ್ತು. ಸ್ವಲ್ಪ ತಡವಾಗಿ ನೋಡಿದ ಅಂತ ಕಾಣುತ್ತದೆ. ಎದ್ದು ಹೋಗುವಾಗ ನೀರಿನ ಬಕೆಟ್ಟಿಗೆ ಕಾಲು ಕೊಟ್ಟೆ.

ಅಕ್ಟೋಬರ್ ೬, ಗುರುವಾರ

ಬಿಳಿ ಹೆಡ್ಡಿನ ದಿನ. ಇಬ್ಬನಿ ಆರಿ, ಕಾಯಿ ಗಿಲಕಿಯ ಹಾಗೆ ಸದ್ದು ಮಾಡುವವರೆಗೆ ಕಾದು ಇವರು ಹನ್ನೊಂದಕ್ಕೆ ಹೊಲಕ್ಕಿಳಿದರು. ನಾಳೆ ನೇರಳೆಯೂ ಹನ್ನೊಂದಕ್ಕೇ ಇಳಿಯಬೇಕು ಎಂದು ನಾನೇ ಕಟ್ಟಳೆ ಮಾಡಿದ್ದೇನೆ. ಮಧ್ಯಾಹ್ನದ ಬಿಸಿಲಿಗೆ ಕಾಯಿ ಮುಟ್ಟಿದರೆ ಸಿಡಿಯುತ್ತದೆ, ಒಬ್ಬಳಿಗೆ ಬೆಳಿಗ್ಗೆ ಕೊಟ್ಟು ಇನ್ನೊಬ್ಬಳಿಗೆ ಮಧ್ಯಾಹ್ನ ಕೊಟ್ಟರೆ ಅದು ಪರೀಕ್ಷೆಯಲ್ಲ, ಪಕ್ಷಪಾತ. ಏಳನೇ ತರಗತಿಯ ಪಂಡಿತೆಯಾದ ನಾನು ಹೀಗೆಲ್ಲ ಮಾತಾಡಿದ್ದು ಕೇಳಿ ಸ್ಪ್ಯಾನರಮ್ಮ ನಕ್ಕಳು, ಆದರೆ ಬರೆದುಕೊಂಡಳು.

ನನ್ನ ಕೆಲಸ ಹೀಗೆ. ಕಂಬೈನು ಮುಂದೆ ಹೋದ ಮೇಲೆ ಅದು ಕೊಯ್ದ ಪಟ್ಟೆಯ ನಡುವೆ ನಿಂತು, ಅದರ ಬೆನ್ನು ನೋಡುತ್ತ, ಹಳೇ ಸೈಕಲ್ ರಿಮ್ಮನ್ನು ಭುಜದ ಮೇಲಿಂದ ಹಿಂದಕ್ಕೆ ಎಸೆಯುತ್ತೇನೆ. ನೋಡಿ ಎಸೆದರೆ ಕೈ ಕಳ್ಳತನ ಮಾಡುತ್ತದೆ. ನೋಡದೆ ಎಸೆದರೆ ಎಲ್ಲಿ ಬೀಳಬೇಕೆಂಬುದು ದೇವರ ಕೈಯಲ್ಲಿದೆ. ಆಮೇಲೆ ಮೊಣಕಾಲೂರಿ ರಿಮ್ಮಿನೊಳಗಿನ ಕಾಳನ್ನು ಒಂದೊಂದಾಗಿ ಎಣಿಸುತ್ತೇನೆ, ಒಂದು ಕಾಳಿಗೆ ಒಂದು ಸಲ ದೇವರ ಹೆಸರು. ಯಂತ್ರ ಬರುವ ಮುಂಚೆಯೇ ತಾನಾಗಿ ಉದುರಿದ ಕಾಳು ರಿಮ್ಮಿಗೆ ಎರಡರಂತೆ ಇತ್ತು. ಅದನ್ನು ಕಳೆಯಬೇಕು. ಅದು ದೇವರ ಪಾಲು. ಉಳಿದದ್ದು ಹೆಡ್ಡಿನ ತಪ್ಪು. ರಿಮ್ಮಿಗೆ ಹದಿಮೂರು ಕಾಳು ಎಂದರೆ ಎಕರೆಗೆ ಹೆಚ್ಚುಕಡಿಮೆ ಇಪ್ಪತ್ತೇಳು ಕಿಲೋ ಮಣ್ಣುಪಾಲು.

ಹತ್ತು ಸಲ ಎಸೆದೆ. ಸರಾಸರಿ ಇಪ್ಪತ್ತಮೂರು.

ಇವರು ಇಳಿದು ಬಂದು ಎಷ್ಟು ಎಂದು ಕೇಳಲಿಲ್ಲ. ನಾನು ಹೇಳಲಿಲ್ಲ. ಇಬ್ಬರೂ ಒಟ್ಟಿಗೆ ಮನೆಗೆ ಬಂದೆವು. ನಾನು ಯಾವತ್ತಿನ ಹಾಗೆ ಇವರ ಬಲಗಡೆ ನಡೆದೆ. ಇಲ್ಲದಿದ್ದರೆ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುತ್ತಾರೆ. ಗಂಡಸರ ಅವಸರ.

ಅಕ್ಟೋಬರ್ ೭, ಶುಕ್ರವಾರ

ನೇರಳೆ, ಮೈದುನ. ಹದಿನೈದು.

ದೇವರೇ, ನೀನು ಯಾವ ಕಡೆ?

ಅಕ್ಟೋಬರ್ ೮, ಶನಿವಾರ

ಬರೆಯಬೇಕೋ ಬೇಡವೋ ಎಂದು ಎರಡು ಸಲ ಪೆನ್ನಿನ ಮುಚ್ಚಳ ಹಾಕಿ ತೆಗೆದೆ.

ಮತ್ತೆ ಬಿಳಿಯ ದಿನ. ಆರನೇ ಎಸೆತಕ್ಕೆ ರಿಮ್ಮಿನೊಳಗೆ ಮೂವತ್ತೊಂದು ಕಾಳು. ಎಣಿಸಿದೆ, ಮತ್ತೆ ಎಣಿಸಿದೆ, ಮೂವತ್ತೊಂದೇ. ದೂರದಲ್ಲಿ ಕಂಬೈನು ತಿರುಗುತ್ತಿತ್ತು. ಗಾಜಿನ ಹಿಂದೆ ಇವರು ಕತ್ತನ್ನು ಗೂಬೆಯ ಹಾಗೆ ಪೂರ್ತಿ ಹೊರಳಿಸಿ ನನ್ನ ಕಡೆ ನೋಡುತ್ತಿದ್ದರು. ನನ್ನ ಕೈ ತಾನಾಗಿ ಮೂರು ಕಾಳು ಎತ್ತಿ ಮೇಲಂಗಿಯ ಜೇಬಿಗೆ ಹಾಕಿತು. ಕೈ ಅಂತೀನಿ, ಪಾಪ, ಕೈಯೊಂದೇ ಏನು ಮಾಡೀತು? ನಾನೇ ಹಾಕಿದೆ. ಇಪ್ಪತ್ತೆಂಟು ಎಂದು ಬರೆದೆ.

ಐವತ್ತು ವರ್ಷ ಯಾರ ಸೂಜಿಯನ್ನೂ ಮುಟ್ಟದವಳು ಕೊನೆಗೆ ಕದ್ದದ್ದು ಏನು? ಮೂರು ಸೋಯಾ ಕಾಳು. ಕಳ್ಳತನದಲ್ಲೂ ನನ್ನದು ಜಿಪುಣತನ. ಅಷ್ಟು ಮಾಡಿಯೂ ಸರಾಸರಿ ಇಪ್ಪತ್ತೆರಡಕ್ಕಿಂತ ಕೆಳಗಿಳಿಯಲಿಲ್ಲ. ಪಾಪವೂ ಬಂತು, ಫಲವೂ ಇಲ್ಲ.

ಅಕ್ಟೋಬರ್ ೯, ಭಾನುವಾರ

ಪ್ರಾರ್ಥನೆಗೆ ಕೂತೆ. "ದೇವರೇ" ಎಂದು ಶುರು ಮಾಡಿದ ಕೂಡಲೇ ಜೇಬು ಭಾರವಾಯಿತು. ಎದ್ದು ಪಾತ್ರೆ ತೊಳೆದೆ.

ಅಕ್ಟೋಬರ್ ೧೧, ಮಂಗಳವಾರ

ನಿನ್ನೆ ನೇರಳೆ ಹದಿನಾಲ್ಕು. ಇವತ್ತು ಬಿಳಿ ಇಪ್ಪತ್ನಾಲ್ಕು, ಒಂದು ಕಾಳನ್ನೂ ಮುಟ್ಟದೆ. ಮೈದುನ ಆಗಲೇ ಕ್ಯಾಬಿನ್ನಿಗೆ ತನ್ನದೊಂದು ನೀರಿನ ಬಾಟಲಿ ತಂದಿಟ್ಟಿದ್ದಾನೆ. ಇವರು ಅದನ್ನು ಎತ್ತಿ ಹೊರಗೆ ಮೆಟ್ಟಿಲ ಮೇಲಿಟ್ಟರು. ಅವನು ಮತ್ತೆ ಒಳಗಿಟ್ಟ. ಇಡೀ ದಿನ ಬಾಟಲಿ ಹತ್ತುತ್ತ ಇಳಿಯುತ್ತ ಇತ್ತು. ಇಬ್ಬರ ವಯಸ್ಸು ಕೂಡಿಸಿದರೆ ನೂರ ಏಳು.

ಸಂಜೆ ಅತ್ತೆ ಕಾಲು ನೀಡಿ ಕೂತು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವನು ಹೆಡ್ಡು ಡೊಂಕು ಅಂತಾನೋ ಏನೋ," ಎಂದರು.

"ಅವರೇನೂ ಅಂದಿಲ್ಲ," ಅಂದೆ.

"ಮತ್ತೆ ನೀನ್ಯಾಕೆ ನಾಲ್ಕು ದಿನದಿಂದ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ತೀಯ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿಕೊಂಡನಂತೆ, ಹಾಗೆ?"

ಅತ್ತೆಗೆ ಎಪ್ಪತ್ತೆಂಟು. ಕಿವಿ ಕೇಳುವುದಿಲ್ಲ ಎನ್ನುತ್ತಾರೆ. ಕಣ್ಣಿನ ಬಗ್ಗೆ ಏನೂ ಹೇಳುವುದಿಲ್ಲ.

ಇವರು ಆ ಸೀಟು ಬಿಟ್ಟು ಇಳಿದರೆ ಮನೆಯಲ್ಲಿ ಎಲ್ಲಿ ಕೂರುತ್ತಾರೆ ಎಂದು ಯೋಚಿಸುತ್ತೇನೆ. ವರ್ಷದ ಹತ್ತು ತಿಂಗಳು ಆ ಎರಡು ತಿಂಗಳಿಗಾಗಿ ಬದುಕುವ ಮನುಷ್ಯ. ಮಾತು ಕಡಿಮೆ, ಆದರೆ ಕಂಬೈನಿಗೆ ಗ್ರೀಸ್ ಹಾಕುವಾಗ ಅದರೊಂದಿಗೆ ಮಾತಾಡುತ್ತಾರೆ. ನನ್ನೊಂದಿಗೆ ಆಡುವುದಕ್ಕಿಂತ ಜಾಸ್ತಿ. ಹೊಟ್ಟೆಕಿಚ್ಚಿಲ್ಲ, ಸುಮ್ಮನೆ ಬರೆದೆ.

ಅಕ್ಟೋಬರ್ ೧೨, ಬುಧವಾರ

ಇವತ್ತು ಎರಡು ವಿಷಯ ಗೊತ್ತಾದವು. ಎರಡೂ ಗೊತ್ತಾಗದಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ಇಬ್ಬನಿ ಆರುವವರೆಗೆ ಸುಮ್ಮನೆ ಕೂರಲಾಗದೆ ಕೊಯ್ದ ಹೊಲದಲ್ಲಿ ನಡೆದೆ. ಬಿಳಿ ಕೊಯ್ದ ಪಟ್ಟೆಯಲ್ಲಿ ಎಡಗಡೆಯ ಕೂಳೆ ಎರಡು ಬೆರಳು ಎತ್ತರ, ಚಾಪೆ ಹಾಸಿದ ಹಾಗೆ. ನಡುವೆಯೂ ಹಾಗೇ. ಬಲಗಡೆಯ ತುದಿಗೆ ಬಂದರೆ ಗಿಡಗಳು ಅರ್ಧ ಮುರಿದು, ಅರ್ಧ ತುಳಿಸಿಕೊಂಡು, ಕೆಳಗಿನ ಕಾಯಿಗಳು ಹಾಗೇ ನೇತಾಡುತ್ತಿವೆ. ಕಾಳೆಲ್ಲ ಸಿಡಿದು ಅಲ್ಲೇ ಬಿದ್ದಿದೆ. ಒಂದು ಪಟ್ಟೆಯಲ್ಲಲ್ಲ, ಪ್ರತಿ ಪಟ್ಟೆಯಲ್ಲೂ ಬಲತುದಿಯ ಮೂರ್ನಾಲ್ಕು ಮೊಳ.

ನನಗೆ ಎಂಥ ಸಂತೋಷವಾಯಿತೆಂದರೆ, ಓಡಿದೆ. ಬಲರೆಕ್ಕೆ ಕೆಟ್ಟಿದೆ! ತಪ್ಪು ಇವರದ್ದಲ್ಲ, ಹೆಡ್ಡಿನದ್ದು! ಸ್ಪ್ಯಾನರಮ್ಮನನ್ನು ಚಹಾದ ಲೋಟದ ಸಮೇತ ಎಳೆದುಕೊಂಡು ಬಂದೆ.

ಅವಳು ಹೆಡ್ಡಿನ ಅಡಿಗೆ ತೂರಿ, ಕೀಲು ತಟ್ಟಿ, ಬ್ಲೇಡು ಸವರಿ, ಪರದೆಯ ಮೇಲಿನ ಅಂಕಿ ನೋಡಿ ಮುಕ್ಕಾಲು ಗಂಟೆ ತೆಗೆದುಕೊಂಡಳು. ಆಮೇಲೆ ಕೈ ಒರೆಸಿಕೊಂಡು, "ಅಕ್ಕಾ, ರೆಕ್ಕೆ ಚೆನ್ನಾಗಿದೆ. ಅದು ನೆಲ ನೋಡುತ್ತೆ. ತನ್ನ ತುದಿಯಿಂದಾಚೆ ಗಿಡ ಉಳಿದಿದೆಯಾ ಅಂತ ನೋಡಲ್ಲ. ಅದನ್ನ ಸೀಟಲ್ಲಿ ಕೂತೋರು ನೋಡಬೇಕು. ಓಡಿಸಿದೋರು ಬಲಗಡೆ ನೋಡೇ ಇಲ್ಲ," ಎಂದಳು.

"ಇಪ್ಪತ್ತಾರು ವರ್ಷ ಓಡಿಸಿದವರು," ಅಂದೆ.

"ಇರಬಹುದು," ಎಂದಳು. ತಣ್ಣಗಾದ ಚಹಾ ಒಂದು ಗುಟುಕು ಕುಡಿದು, "ಇನ್ನೊಂದು ಕೇಳಲಾ? ನೀವು ರಿಮ್ಮು ಯಾಕೆ ಯಾವಾಗಲೂ ಬಲಗಡೆಗೇ ಎಸೀತೀರಾ? ಐದು ದಿನದಿಂದ ನೋಡ್ತಿದೀನಿ. ಬಲಕ್ಕೆ ಐದು ಹೆಜ್ಜೆ. ಅಳೆದಿಟ್ಟ ಹಾಗೆ."

ನಾನು ಎಸೆದು ತೋರಿಸಿದೆ. ಬಲಕ್ಕೆ ಐದು ಹೆಜ್ಜೆ. ಮತ್ತೆ ಎಸೆದೆ. ಅಲ್ಲೇ. ಎಡಗೈಯಲ್ಲಿ ಎಸೆಯಲು ಹೋದೆ. ಎಡಭುಜ ಹೋದ ಚಳಿಗಾಲದಿಂದ ಹಿಡಿದುಕೊಂಡಿದೆ, ಕಿವಿಯವರೆಗೂ ಏಳುವುದಿಲ್ಲ. ಅಂದರೆ ಬಲಗೈ, ಬಲಭುಜ, ಬಲತುದಿ. ಎಲ್ಲಿ ಬೀಳಬೇಕೆಂದು ದೇವರು ತೀರ್ಮಾನಿಸುತ್ತಾನೆ ಎಂದುಕೊಂಡು ಇಷ್ಟು ದಿನ ನನ್ನ ವಾತದ ಭುಜಕ್ಕೆ ಕೈಮುಗಿದಿದ್ದೇನೆ.

ಹೆಡ್ಡು ಎರಡು, ಡ್ರೈವರ್ ಇಬ್ಬರು, ಎಣಿಸುವವಳು ಒಂದೇ ಮೂಲೆ ನೋಡುವವಳು. ನಾವು ಹೆಡ್ಡುಗಳನ್ನು ತೂಗಿಯೇ ಇಲ್ಲ.

ಆಮೇಲೆ ಕೂಳೆಯ ಮೇಲೆ ಕೂತುಬಿಟ್ಟೆ. ನಾನು ಇವರ ಬಲಗಡೆ ನಡೆಯಲು ಶುರು ಮಾಡಿದ್ದು ಯಾವಾಗ? ಲೋಟವನ್ನು ಎಡಗಡೆ ಇಡಲು ಶುರು ಮಾಡಿದ್ದು ಯಾವಾಗ? ಬಲಗಡೆ ಇಟ್ಟರೆ ಕೈ ತಗುಲಿ ಚೆಲ್ಲುತ್ತಾರೆ, ಸಿಡುಕುತ್ತಾರೆ ಎಂದು ಬದಲಾಯಿಸಿದೆ. ಯಾಕೆ ಚೆಲ್ಲುತ್ತಾರೆ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಕಾಳು ಎಣಿಸುವುದರಲ್ಲಿ ನನ್ನಂಥ ಸೂಕ್ಷ್ಮದವಳು ಸುತ್ತ ಹತ್ತು ಊರಲ್ಲಿ ಇಲ್ಲ.

ಅಕ್ಟೋಬರ್ ೧೩, ಗುರುವಾರ

ಬೆಳಿಗ್ಗೆ ಚಹಾದ ಲೋಟವನ್ನು ಬಲಗಡೆ ಇಟ್ಟೆ. ಸ್ವಂತ ಗಂಡನಿಗೆ ಬಲೆ ಒಡ್ಡುವ ಕೆಲಸ.

ಎಡಗಡೆ ಮೇಜನ್ನು ತಡವಿದರು. "ಚಹಾ ಎಲ್ಲಿ?"

ಗೇಣು ದೂರದಲ್ಲಿ ಹೊಗೆಯಾಡುತ್ತಿತ್ತು. "ನಿಮ್ಮ ಮುಂದೇ ಇದೆ," ಅಂದೆ.

ನಿಧಾನವಾಗಿ ಇಡೀ ಕತ್ತನ್ನು ಹೊರಳಿಸಿದರು. ಮೊದಲು ಲೋಟ ನೋಡಿದರು, ಆಮೇಲೆ ನನ್ನನ್ನು.

"ಯಾವಾಗಿಂದ?" ಅಂದೆ.

"ಹೋದ ಕಟಾವಿನಿಂದ. ಬಲಗಡೆಯಿಂದ ಪರದೆ ಎಳೆದ ಹಾಗೆ ಬರ್ತಿದೆ."

"ನಂಗೆ ಹೇಳಬಾರದಿತ್ತಾ?"

"ನಿಂಗೆ ಹೇಳಿದ್ರೆ ನೀನು ದೇವರಿಗೆ ಹೇಳ್ತಿದ್ದೆ. ನೀನು ದೇವರಿಗೆ ಹೇಳೋದು ಅಂದ್ರೆ ಅಮ್ಮನ ಕಿವಿಗೂ ಕೇಳೋ ಹಾಗೆ ಹೇಳೋದು."

ಇದು ನಿಜ. ನನ್ನ ಪ್ರಾರ್ಥನೆಗೆ ಗಂಟಲು ದೊಡ್ಡದು.

"ಬಿಳಿ ಹೆಡ್ಡು ಬೇಕು ಅಂದಿದ್ದು ಅದಕ್ಕೇ," ಎಂದರು. "ಬಲರೆಕ್ಕೆ ತಾನೇ ನೋಡಿಕೊಳ್ಳುತ್ತೆ ಅಂದ್ಕೊಂಡೆ."

"ಅದು ನೆಲ ನೋಡುತ್ತೆ. ಗಿಡ ನೋಡಲ್ಲ."

"ಓಹೋ, ಭಾರೀ ಕಲ್ತಿದೀಯ." ನಗಲು ನೋಡಿದರು, ಆಗಲಿಲ್ಲ. ಚಹಾ ಆರಿ ಕೆನೆ ಕಟ್ಟಿತು. ನನ್ನ ಮೂರು ಕಾಳಿನ ವಿಷಯ ಹೇಳಿದೆ, ಭುಜದ್ದೂ ಹೇಳಿದೆ, ಲೆಕ್ಕ ತಪ್ಪಿದೆ, ಎಲ್ಲರ ಮುಂದೆ ಹೇಳಲೇಬೇಕು ಅಂದೆ.

ಲೋಟವನ್ನು ಎಡಗಡೆಗೆ ಸರಿಸಿಕೊಂಡು, "ನಿನ್ನ ಭುಜ ಹೇಳು. ನಿನ್ನ ಕಾಳು ಹೇಳು. ನನ್ನ ಕಣ್ಣು ನನಗೆ ಬಿಡು," ಎಂದರು.

ಬಿಟ್ಟೆ. ಸರಿಯೋ ತಪ್ಪೋ ಗೊತ್ತಿಲ್ಲ. ಸುಳ್ಳು ಹೇಳಲಿಲ್ಲ, ಆದರೆ ನಿಜವನ್ನು ಅರ್ಧಕ್ಕೆ ಕೊಯ್ದು ಕೂಳೆ ಬಿಟ್ಟಂತಾಯಿತು.

ಅಕ್ಟೋಬರ್ ೧೪, ಶುಕ್ರವಾರ

ಊಟಕ್ಕೆ ಕೂತಾಗ ಮೂರು ಕಾಳನ್ನು ಮೇಜಿನ ನಡುವೆ ಇಟ್ಟೆ. "ಇವು ನಾನು ಶನಿವಾರ ಕದ್ದದ್ದು," ಅಂದೆ.

ಮೈದುನ ಕಾಳನ್ನೇ ನೋಡಿದ. "ಮೂರೇನಾ?"

"ಮೂರೇ."

"ಅಯ್ಯೋ ಅತ್ತಿಗೆ! ಕದಿಯೋಕೂ ಒಂದು ಮರ್ಯಾದೆ ಬೇಡವಾ? ಒಂದು ಹಿಡಿ ಆದ್ರೂ ಎತ್ತಬಾರದಿತ್ತಾ?" ಎಂದು ನಕ್ಕ. ನಕ್ಕಿದ್ದು ನೋಡಿ ನನಗೆ ಅಳು ಬಂತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಸೋಯಾ ಕಾಳು ಅಡಿಕೆಗಿಂತ ಎಷ್ಟು ಚಿಕ್ಕದು!

ಭುಜದ ವಿಷಯ ಹೇಳಿದಾಗ ನಗು ನಿಂತಿತು. "ಅಂದ್ರೆ ನನ್ನ ಹದಿನಾಲ್ಕೂ ಸುಳ್ಳಾ?"

"ಸುಳ್ಳಲ್ಲ. ಬರೀ ಬಲತುದಿಯದ್ದು. ಮೇಲಾಗಿ ಹೆಡ್ಡು ಬದಲಾದಾಗ ಡ್ರೈವರೂ ಬದಲಾದ. ಒಬ್ಬರೇ ಎರಡನ್ನೂ ಓಡಿಸಬೇಕು. ರಿಮ್ಮು ಎಡಕ್ಕೆ ಮೂರು, ಬಲಕ್ಕೆ ಮೂರು, ನಡುವೆ ನಾಲ್ಕು ಬೀಳಬೇಕು."

"ಹಾಗಾದ್ರೆ ನಾನು ಓಡಿಸ್ತೀನಿ," ಎಂದ ಮೈದುನ.

"ನೀನು ಬಿಳಿಯದನ್ನ ಬೇಕಂತ ಕೆಡಿಸ್ತೀಯ," ಎಂದರು ಇವರು.

"ನೀನು ನೇರಳೆನ ಕೆಡಿಸ್ತೀಯ."

ಅತ್ತೆ ಮೇಜು ತಟ್ಟಿದರು. "ಕಳ್ಳಿ ಓಡಿಸಲಿ! ತಾನಾಗಿ ಒಪ್ಪಿಕೊಂಡ ಕಳ್ಳಿ ಒಬ್ಬಳೇ ಈ ಮನೇಲಿ ನಂಬೋಕೆ ಯೋಗ್ಯಳು."

ನಾನು ಟ್ರೈಲರ್ ಓಡಿಸುತ್ತೇನೆ, ಅದು ನಿಜ. ಓಡುತ್ತಿರುವ ಕಂಬೈನಿನ ಪಕ್ಕದಲ್ಲೇ ಅದೇ ವೇಗದಲ್ಲಿ ಟ್ರ್ಯಾಕ್ಟರ್ ಹಿಡಿದು, ಕಾಳು ಚೆಲ್ಲದಂತೆ ತುಂಬಿಸಿಕೊಳ್ಳುವುದು ಹದಿನೆಂಟು ವರ್ಷದಿಂದ ನನ್ನದೇ ಕೆಲಸ. ಆದರೆ ಕಂಬೈನು? ನಾನು ಬೇಡ ಎಂದು ಹೇಳುವಷ್ಟರಲ್ಲಿ ಅತ್ತೆ ಎದ್ದು ಕೈ ತೊಳೆಯಲು ಹೋಗಿದ್ದರು. ಅವರ ತೀರ್ಪು ಯಾವಾಗಲೂ ಹೀಗೇ, ಮೇಲ್ಮನವಿಗೆ ಸಿಗುವುದಿಲ್ಲ.

ಅಕ್ಟೋಬರ್ ೧೬, ಭಾನುವಾರ

ಓಡಿಸಿದೆ!

ಏಣಿ ಹತ್ತುವಾಗ ದೇವರ ಹೆಸರು ಹೇಳಿದೆ, ಸೀಟಿನಲ್ಲಿ ಕೂತಾಗ ಹೇಳಿದೆ, ಕೀಲಿ ತಿರುಗಿಸುವಾಗ ಹೇಳಿದೆ. "ಸಾಕು, ಅವನೂ ಒಳಗೆ ಬಂದು ಕೂತ್ರೆ ಜಾಗ ಸಾಲಲ್ಲ," ಎಂದರು ಪಕ್ಕದ ಪುಟ್ಟ ಸೀಟಿನಲ್ಲಿ ಮುದುಡಿ ಕೂತ ಇವರು.

ಮೊದಲ ಪಟ್ಟೆ ಹಾವು ಹರಿದ ಹಾಗೆ ಬಂತು. ಅದನ್ನು ಲೆಕ್ಕಕ್ಕೆ ಬಿಟ್ಟೆವು. ಎರಡನೆಯದರಲ್ಲಿ ಇವರು ಕಣ್ಣು ಮುಚ್ಚಿಕೊಂಡು ಹೇಳಿಕೊಟ್ಟರು: "ರೀಲು ಬರೀ ಗಾಳಿ ಹೊಡೀತಿದೆ, ಕೇಳಿಸ್ತಾ? ನಿಧಾನ ಮಾಡು. ಗಿಡನ ತಳ್ಳಬೇಡ, ಕರಿ. ಈಗ ಹಲ್ಲು ಸರಿಯಾಗಿ ಕಡೀತಿದೆ. ಈ ಸದ್ದು ನೆನಪಿಟ್ಕೋ." ನೆನಪಿಟ್ಟುಕೊಳ್ಳಬೇಕಾಗಿರಲಿಲ್ಲ, ಇಷ್ಟು ವರ್ಷ ಅದರ ಹಿಂದೆ ನಡೆದವಳಿಗೆ ಆ ಸದ್ದು ಗೊತ್ತಿತ್ತು, ಅದಕ್ಕೊಂದು ಹಿಡಿಕೆ ಇದೆಯೆಂದು ಗೊತ್ತಿರಲಿಲ್ಲ.

ಹಿಂದೆ ಮೈದುನ ರಿಮ್ಮು ಎಸೆದು ಮೊಣಕಾಲೂರಿ ಎಣಿಸುತ್ತಿದ್ದ. ಮೂರನೇ ಎಸೆತಕ್ಕೇ ಸೊಂಟ ಹಿಡಿದುಕೊಂಡು ಎದ್ದು, "ಇದನ್ನ ಇಪ್ಪತ್ತು ವರ್ಷ ಹೇಗೆ ಮಾಡಿದಿರಿ ಅತ್ತಿಗೆ?" ಎಂದು ಕೂಗಿದ.

"ದೇವರ ಹೆಸರು ಹೇಳ್ಕೊಂಡು!"

"ನನ್ನ ಬಾಯಲ್ಲಿ ಬೇರೆ ಬೇರೆ ಹೆಸರು ಬರ್ತಿವೆ!"

ನನಗೆ ನಗು ತಡೆಯಲಾಗದೆ ಎರಡು ಮಾರು ಸೊಟ್ಟ ಹೋದೆ. ಬಿಳಿ: ಸಮ ನೆಲದಲ್ಲಿ ಹತ್ತು, ತಗ್ಗಿನಲ್ಲಿ ಹನ್ನೊಂದು.

ಅಕ್ಟೋಬರ್ ೧೭, ಸೋಮವಾರ

ನೇರಳೆಯನ್ನೂ ಅಷ್ಟೇ ಪ್ರೀತಿಯಿಂದ ಓಡಿಸಿದೆ, ದೇವರಾಣೆ. ಸಮ ನೆಲದಲ್ಲಿ ಅವಳೇ ಒಂದು ಕೈ ಮೇಲು: ಒಂಬತ್ತು. ಆದರೆ ನಮ್ಮದು ತಟ್ಟೆಯಂಥ ಹೊಲವಲ್ಲವಲ್ಲ. ಮುಕ್ಕಾಲು ಪಾಲು ಏರು, ತಗ್ಗು. ತಗ್ಗಿಗಿಳಿದಾಗ ಅವಳ ಗಟ್ಟಿ ಬೆನ್ನು ಬಗ್ಗದೆ ಎರಡೂ ತುದಿ ನೆಲ ಕೆರೆಯಿತು, ನಡುವಿನ ಹಲ್ಲು ಎಷ್ಟು ಬಳುಕಿದರೂ ನೆಲ ಎಟುಕದೆ ಕೆಳಗಿನ ಕಾಯಿ ಬಿಟ್ಟುಬಂತು. ಹದಿನೇಳು.

ಸಂಜೆ ಎಲ್ಲರೂ ಮೇಜಿನ ಸುತ್ತ ಕೂತೆವು. ಮೈದುನ ತಾನೇ ಎಣಿಸಿದ್ದರಿಂದ ಜಗಳಕ್ಕೆ ಜಾಗವಿರಲಿಲ್ಲ. "ಬಿಳಿ ಗೆದ್ದಿತು," ಎಂದ. ಎದ್ದು ಬಂದು, ಜೇಬಿನಿಂದ ಕಂಬೈನಿನ ಕೀಲಿ ತೆಗೆದು ಅಣ್ಣನ ಕಡೆ ಚಾಚಿದ. "ತಗೋ. ಮಾತು ಮಾತೇ. ಸೀಟು ನಿಂದು."

ಅವನು ನಿಂತದ್ದು ಇವರ ಬಲಗಡೆ.

ಇವರು ನೇರ ಮುಂದೆ ನೋಡುತ್ತಿದ್ದರು. ಕೀಲಿ ಗಾಳಿಯಲ್ಲಿ ನೇತಾಡಿತು. "ತಗೊಳ್ಳೋ," ಎಂದ ಮೈದುನ. ಇವರು ಕೈ ಚಾಚಿದರು, ಮುಂದಕ್ಕೆ, ಏನೂ ಇಲ್ಲದ ಕಡೆಗೆ.

ಇವರ ಭುಜ ಹಿಡಿದು ನಾನು ಒಂದಿಷ್ಟು ತಿರುಗಿಸಿದ್ದರೆ ಸಾಕಿತ್ತು. ವರ್ಷದಿಂದ ಮಾಡಿದ್ದು ಅದನ್ನೇ ತಾನೆ. ನನ್ನ ಎರಡೂ ಕೈ ಮಡಿಲಲ್ಲಿದ್ದವು. ಅಲ್ಲೇ ಬಿಟ್ಟೆ. ಇಷ್ಟು ಕಷ್ಟದ ಕೆಲಸವನ್ನು ನಾನು ಜೀವನದಲ್ಲಿ ಮಾಡಿಲ್ಲ.

"ಯಾವ ಕಡೆ ಇದೀಯೋ?" ಎಂದರು ಇವರು. ಆಮೇಲೆ ತಮ್ಮಷ್ಟಕ್ಕೇ ಎಂಬಂತೆ, "ಬಲಗಡೆ ನಂಗೆ ಏನೂ ಇಲ್ಲ. ವರ್ಷ ಆಯ್ತು."

ಮೈದುನ ಕುರ್ಚಿ ಎಳೆದುಕೊಂಡು ಅಣ್ಣನ ಎಡಗಡೆಗೆ ಬಂದು ಕೂತ. ಮುದಿ ಎತ್ತು ಎಂದದ್ದು ಅವನ ಗಂಟಲಲ್ಲಿ ಸಿಕ್ಕಿಹಾಕಿಕೊಂಡಿತ್ತು ಎಂದು ಕಾಣುತ್ತದೆ. "ನಾಳೆನೇ ಪೇಟೆ ಕಣ್ಣಾಸ್ಪತ್ರೆಗೆ ಹೋಗೋಣ, ನಾನು ಕರ್ಕೊಂಡು ಹೋಗ್ತೀನಿ," ಎಂದ. ಕೀಲಿ ಇನ್ನೂ ಕೈಯಲ್ಲೇ ಇತ್ತು. ಏನು ಮಾಡಬೇಕೆಂದು ತಿಳಿಯದೆ ಸುತ್ತ ನೋಡಿ ನನ್ನ ಮುಂದೆ ಇಟ್ಟ. "ನಾವು ಬರೋವರೆಗೆ ನೀವಿಟ್ಕೊಳ್ಳಿ ಅತ್ತಿಗೆ. ಕಾಯಿ ಕಾಯೋದಿಲ್ಲ."

ಅತ್ತೆ ಎದ್ದು ಹಿರಿಮಗನ ಬಲಗಡೆ ನಿಂತು ತಲೆ ಸವರಿದರು. ಇವರು ಬೆಚ್ಚಿಬಿದ್ದರು. "ನಾನು ಕಣೋ, ನಾನು," ಎಂದರು ಅತ್ತೆ.

ಅಕ್ಟೋಬರ್ ೧೯, ಬುಧವಾರ

ಸ್ಪ್ಯಾನರಮ್ಮ ನೇರಳೆಯನ್ನು ಲಾರಿಗೆ ಹತ್ತಿಸಿಕೊಂಡು ಹೊರಟಳು. ಉಳಿದಿದ್ದ ಇನ್ನೊಂದು ಕಂಬವೂ ಬಿತ್ತು. ಈಗ ಗೇಟು ಸಮವಾಗಿದೆ.

ಹನ್ನೆರಡು ಎಕರೆ ಆಯಿತು. ಒಬ್ಬಳೇ ಇದ್ದುದರಿಂದ ಕ್ಯಾಬಿನ್ನಿನಲ್ಲಿ ಬಾಯಿಬಿಟ್ಟು ಪ್ರಾರ್ಥಿಸಿದೆ. ಎಂಜಿನ್ ಸದ್ದಿಗೆ ನನ್ನ ಗಂಟಲು ಸರಿಸಮ. ದೇವರಿಗೆ ಕೇಳಿಸಿತೋ ಇಲ್ಲವೋ, ಅತ್ತೆಗೆ ಕೇಳಿಸಲಿಲ್ಲ.

ಅಕ್ಟೋಬರ್ ೨೭, ಗುರುವಾರ

ಇದನ್ನು ಕ್ಯಾಬಿನ್ನಿನಲ್ಲೇ ಕೂತು ಬರೆಯುತ್ತಿದ್ದೇನೆ. ಇಬ್ಬನಿ ಇನ್ನೂ ಆರಿಲ್ಲ.

ಡಾಕ್ಟರು ಹೇಳಿದ್ದು: ಹೋದದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಹನಿ ಹಾಕಿ ಉಳಿಸಿಕೊಳ್ಳಬಹುದು. ಎಡಗಣ್ಣು ಪರವಾಗಿಲ್ಲವಂತೆ. ದಿನಕ್ಕೆ ಎರಡು ಸಲ ಹನಿ ಹಾಕುವುದು ನನ್ನ ಕೆಲಸ. ಅಲುಗಾಡದೆ ಕೂರಿ ಎಂದರೆ ಕೂರುವ ಜಾತಿಯಲ್ಲ ಇವರು. ಅರ್ಧ ಹನಿ ಕಿವಿಗೆ ಹೋಗುತ್ತದೆ. ಅತ್ತೆ, "ಕಿವಿಯಾದ್ರೂ ಚೆನ್ನಾಗಿ ಕಾಣುತ್ತೆ ಬಿಡು," ಎನ್ನುತ್ತಾರೆ.

ಕಿವಿಗೆ ಏನೂ ಕೊರತೆಯಿಲ್ಲ. ಬದುವಿನ ಮೇಲೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ನಿನ್ನೆ ಓಡಿಸುತ್ತಿರುವಾಗಲೇ ಫೋನು ಬಂತು. "ಬಲಗಡೆ ಒಂದು ಬ್ಲೇಡು ಬಡೀತಿದೆ. ತುದಿಯಿಂದ ಮೂರನೇದೋ ನಾಲ್ಕನೇದೋ. ಇಳಿದು ನೋಡು." ನಾಲ್ಕನೆಯದು. ಬೋಲ್ಟು ಸಡಿಲವಾಗಿತ್ತು. ಇನ್ನೂರು ಗಜದಿಂದ, ಆ ಗದ್ದಲದಲ್ಲಿ. ಬಿಗಿ ಮಾಡಿ ಕೈ ಎತ್ತಿ ತೋರಿಸಿದೆ. ಇವರ ಎಡಕ್ಕೆ ಬರುವಂತೆ ನಾಲ್ಕು ಹೆಜ್ಜೆ ಸರಿದು ನಿಂತೆ.

ಮೈದುನ ಸೋಮವಾರ ಸೀಟಿನಲ್ಲಿ ಕೂತು ಒಂದು ದಿನ ಓಡಿಸಿದ. ನಾನೇ ಎಣಿಸಿದೆ, ಎಡ, ಬಲ, ನಡು. ಹದಿಮೂರು ಬಂತು. ಅವನು ಅದನ್ನು ನೋಡಿ, "ಲಾರಿನೇ ವಾಸಿ, ಅದಕ್ಕೆ ಯಾರೂ ರಿಮ್ಮು ಎಸೆಯಲ್ಲ," ಎಂದು ಇಳಿದುಬಿಟ್ಟ. ನೀರಿನ ಬಾಟಲಿ ಮಾತ್ರ ಇಲ್ಲೇ ಬಿಟ್ಟಿದ್ದಾನೆ. ನಾನೇ ಕುಡಿಯುತ್ತಿದ್ದೇನೆ. ಈಗ ದಿನಾ ಸಂಜೆ ಅವನೇ ಬಂದು ಎಣಿಸುತ್ತಾನೆ. ನಿನ್ನೆ ಎಂಟು ಎಂದ. ಅವನ ಜೇಬು ತಡವಿ ನೋಡಿಯೇ ಪುಸ್ತಕಕ್ಕೆ ಬರೆದೆ.

ನನ್ನ ಮೂರು ಕಾಳು ಇಲ್ಲೇ, ಹಿಡಿಕೆಯ ಪಕ್ಕದ ಕುಳಿಯಲ್ಲಿವೆ. ಎಂಜಿನ್ ಶುರುವಾದರೆ ಕುಣಿಯುತ್ತವೆ. ಹೆಮ್ಮೆ ಬಂದಾಗ ನೋಡಿಕೊಳ್ಳಲಿಕ್ಕೆ ಇರಲಿ.

ನಾನೇನು, ಇವರ ಕಣ್ಣು ಒಂದು ಹದಕ್ಕೆ ಬರುವವರೆಗೆ ಸೀಟು ಬೆಚ್ಚಗಿಡುವವಳು. ಸೀಟನ್ನು ನನ್ನ ಕಾಲಿಗೆ ಎಟುಕುವಂತೆ ಎರಡು ಹಲ್ಲು ಮುಂದಕ್ಕೆ ಎಳೆದಿದ್ದೇನೆ, ಇವರು ಬಂದಾಗ ವಾಪಸ್ ತಳ್ಳಬೇಕು, ಮರೆಯಬಾರದು.

ಕಾಯಿ ಗಿಲಕಿ ಆಡಿಸುತ್ತಿವೆ. ಬದುವಿನ ಮೇಲಿಂದ ಇವರು ಎಡಗೈ ಎತ್ತಿದರು. ಹೊಲಕ್ಕಿಳಿಯಬೇಕು.

ಸ್ಪ್ಯಾನರಮ್ಮನಿಗೆ ಹೇಳಿ ಮುಂದಿನ ಕಟಾವಿನೊಳಗೆ ಬಲಗಡೆಯ ಕನ್ನಡಿ ಬದಲಾಯಿಸಬೇಕು. ಇದು ಇವರ ಎತ್ತರಕ್ಕೆ ಹಾಕಿದ್ದು, ನನಗೆ ಬರೀ ಆಕಾಶ ಕಾಣುತ್ತದೆ.